ಶುಕ್ರವಾರದ ಸರ್ ಮತ್ತು ನನ್ನ ಕುಬ್ಬೂಸ್

ಸರ್ ತೀರಿಹೋದರು ಅಂತ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಂದ ದಿನ, ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಗ್ರೂಪಿನ ಎಲ್ಲರೂ ಕೈಮುಗಿದಾಗಿತ್ತು. 'ನೂರಾರು ಉದ್ಯಮಿಗಳನ್ನು ಸೃಷ್ಟಿಸಿದ ಮಹಾನುಭಾವ' ಅಂತ ಒಬ್ಬರು ಬರೆದರು. ಉಳಿದವರು ಅದನ್ನೇ ಫಾರ್ವರ್ಡ್ ಮಾಡಿದರು. ಆ ನೂರಾರರಲ್ಲಿ ನಾನೂ ಒಬ್ಬ ಮಾರಾಯ್ರೆ. ಕುವೈತಿನ ಅರ್ದಿಯಾದ ಒಂದು ಗೋಡೌನಿನಲ್ಲಿ ಎ.ಸಿ. ಪೆಟ್ಟಿಗೆಗಳ ಮೇಲೆ ಸ್ಟಿಕ್ಕರ್ ಅಂಟಿಸುತ್ತಾ ಆ ಮೆಸೇಜು ಓದಿದೆ. ನಲವತ್ತೇಳು ವರ್ಷಕ್ಕೆ ಸ್ಟೋರ್ ಹೆಲ್ಪರ್ ಆಗಿರುವ ಉದ್ಯಮಿ. ಅಳು ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಸಿಟ್ಟು ಬಂತು. ಆಮೇಲೆ, ಸತ್ತವರ ಮೇಲೆ ಸಿಟ್ಟು ಮಾಡುತ್ತೀಯಲ್ಲ ಹಸನ್ ಅಂತ ನಾಚಿಕೆ ಆಯಿತು. ಈಗ ಬರೆಯಲು ಕೂತಾಗ ಎರಡೂ ಇದ್ದಾವೆ.

ಅವರ ಹೆಸರು ಬರೆಯುವುದಿಲ್ಲ. ಕುವೈತಿನಲ್ಲಿ ನಮ್ಮ ಕರಾವಳಿಯವರಿಗೆ ಅವರು ಬರೀ 'ಸರ್'. ಪುತ್ತೂರು ಕಡೆಯವರು, ಊರಿನಲ್ಲಿ ಕಾಮರ್ಸ್ ಲೆಕ್ಚರರ್ ಆಗಿದ್ದವರು. ಇಲ್ಲಿಗೆ ಬಂದು ಒಂದು ಕಂಟ್ರಾಕ್ಟಿಂಗ್ ಕಂಪೆನಿಯ ಆಫೀಸಿನಲ್ಲಿ ಇಪ್ಪತ್ತೇಳು ವರ್ಷ ಡ್ರಾಯಿಂಗುಗಳಿಗೆ ನಂಬರ್ ಹಾಕಿ ಕಪಾಟಿನಲ್ಲಿ ಇಟ್ಟರು. ಅದು ಹೊಟ್ಟೆಗೆ. ಅವರು ನಿಜವಾಗಿ ಬದುಕುತ್ತಿದ್ದದ್ದು ಶುಕ್ರವಾರ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ, ಫಿಂಟಾಸಿನ ಒಂದು ಬಿಲ್ಡಿಂಗಿನ ಕೆಳಗಿನ ಹಾಲಿನಲ್ಲಿ. ಅಲ್ಲಿ ಅವರು ನಮಗೆ ಉದ್ಯಮಶೀಲತೆ ಕಲಿಸುತ್ತಿದ್ದರು. ಫೀಸ್ ಇಲ್ಲ. ಅವರ ಹೆಂಡತಿ ಮಾಡಿ ಕಳಿಸಿದ ಗೋಳಿಬಜೆ, ಚಾ, ಜೊತೆಗೆ ಊರು ಉದ್ಧಾರ ಮಾಡುವ ಪಾಠ.

ಇಸ್ತ್ರಿ ಮಾಡಿದ ಫುಲ್ ಕೈ ಶರ್ಟು, ಕಿಸೆಯಲ್ಲಿ ಎರಡು ಪೆನ್ನು. ಬೋರ್ಡ್ ಒರೆಸಲು ಡಸ್ಟರ್ ಹುಡುಕುವಷ್ಟು ತಾಳ್ಮೆ ಇಲ್ಲ, ಕರ್ಚೀಫಿನಲ್ಲೇ ಒರೆಸುವುದು. ಆಮೇಲೆ ಅದೇ ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುವುದು. ಕ್ಲಾಸು ಮುಗಿಯುವಾಗ ಹಣೆ ಇಡೀ ಮಾರ್ಕರಿನ ನೀಲಿ. ಯಾರೂ ಹೇಳುತ್ತಿರಲಿಲ್ಲ. ಹಾಗೇ ಲಿಫ್ಟಿನಲ್ಲಿ ಮೇಲೆ ಹೋಗುತ್ತಿದ್ದರು. ಬಾಗಿಲು ತೆಗೆದ ಮಗಳು 'ಪಪ್ಪಾ, ನಾಟ್ ಅಗೇನ್' ಅನ್ನುವುದನ್ನು ನಾನೇ ಒಂದು ಸಲ ಕೇಳಿದ್ದೇನೆ.

ಮಾತು ಮಾತ್ರ ಬೆಂಕಿ. ಒಂದು ಪಾಠ ಈಗಲೂ ನನ್ನ ಬಾಯಿಯಲ್ಲಿ ಉಂಟು. "ನಿಮ್ಮ ಊರಿನ ಮನೆಗಳ ಗೇಟು ನೋಡಿಯೇ ನಾನು ಹೇಳ್ತೇನೆ, ಗಂಡಸು ಸೌದಿಯಲ್ಲಿದ್ದಾನಾ, ಕುವೈತ್‌ನಲ್ಲಿದ್ದಾನಾ ಅಂತ. ನೀವು ದುಡ್ಡು ಕಳಿಸ್ತೀರಿ. ಆ ದುಡ್ಡಿನಲ್ಲಿ ಟೈಲ್ಸ್ ಗುಜರಾತಿನಿಂದ ಬರ್ತದೆ, ಸೋಫಾ ಚೀನಾದಿಂದ ಬರ್ತದೆ, ಚಿನ್ನ ದುಬೈಯಿಂದ ಬರ್ತದೆ. ನಿಮ್ಮ ಊರಿನಲ್ಲಿ ಎಂತ ಉಳೀತು? ಪೇಂಟರಿಗೆ ಹದಿನೈದು ದಿನದ ಸಂಬಳ. ಅಷ್ಟೇ! ನಿಮ್ಮಲ್ಲಿ ಹತ್ತು ಜನ ವಾಪಸು ಹೋಗಿ ತಲಾ ಐದು ಜನರಿಗೆ ಕೆಲಸ ಕೊಡಿ. ಆಗ ನಿಮ್ಮ ನಂತರದವರು ಏಜೆಂಟನ ಕಾಲು ಹಿಡಿಯಬೇಕಾಗಿಲ್ಲ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದೇ ತೊಂದರೆ. ಸುಳ್ಳು ಹೇಳುವವರಾಗಿದ್ದರೆ ನಾವು ಗೋಳಿಬಜೆ ತಿಂದು ಎದ್ದು ಬರುತ್ತಿದ್ದೆವು.

ಅವರ ಇನ್ನೊಂದು ಮಾತು: "ಅಂಗಡಿ ಎಲ್ಲಿ ಉಂಟೋ ಚಪ್ಪಲಿ ಅಲ್ಲಿ ಇರಬೇಕು." ಯಜಮಾನ ಕುವೈತಿನಲ್ಲಿ, ವ್ಯಾಪಾರ ಊರಿನಲ್ಲಿ ಭಾವನ ಕೈಯಲ್ಲಿ. ಇದು ನಮ್ಮವರ ಹುಟ್ಟುಗುಣ. ಕ್ಲಾಸಿನಲ್ಲಿ ಒಬ್ಬರು ಹೀಗೆ ಊರಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದರು. ನಾಲ್ಕು ಕ್ಯಾಮೆರಾ. ಪಾಠದ ಮಧ್ಯದಲ್ಲೂ ಮೊಬೈಲಿನಲ್ಲಿ ಅಂಗಡಿಯನ್ನೇ ನೋಡುವುದು, ಫೋನ್ ಮಾಡಿ "ಹೊರಗಿನ ಲೈಟ್ ಆಫ್ ಮಾಡು, ಹಗಲಿಗೆ ಯಾಕೆ ಲೈಟು?" ಅಂತ ಬೈಯುವುದು. ಸರ್ ಬೋರ್ಡಿನ ಹತ್ತಿರದಿಂದಲೇ, "ಇವರ ಅಂಗಡಿಯಲ್ಲಿ ಗಿರಾಕಿಗಿಂತ ಕ್ಯಾಮೆರಾ ಜಾಸ್ತಿ ಉಂಟು" ಅಂದರು. ನಕ್ಕು ನಕ್ಕು ನಮ್ಮ ಹೊಟ್ಟೆ ಹಿಡಿದುಕೊಂಡಿತು. ಪಾಪ, ಆ ಮನುಷ್ಯ ಮತ್ತೆ ಬರಲಿಲ್ಲ.

ಪಾಠ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಗಟ್ಟಿಯಾಗಿ ಹೇಳಬೇಕು: "ನಾನು ಕೆಲಸ ಕೇಳುವವನಲ್ಲ, ಕೆಲಸ ಕೊಡುವವನು." ಮೂರು ಸಲ. ಡ್ರೈವರುಗಳು, ಅಡುಗೆಯವರು, ನರೆತ ಗಡ್ಡದವರು, ನಾಳೆ ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸಿಗೆ ಓಡಬೇಕಾದವರು, ಎಲ್ಲ ಸೇರಿ ಕೂಗುವುದು. ಮೊದಲ ದಿನ ನನಗೆ ನಗು ಬಂತು. ನಾಲ್ಕನೇ ವಾರಕ್ಕೆ ನಾನೇ ಜೋರಾಗಿ ಕೂಗುತ್ತಿದ್ದೆ.

ಒಂದು ಶುಕ್ರವಾರ ಹಿಂದಿನ ಸಾಲಿನ ಒಬ್ಬ ಎಲೆಕ್ಟ್ರಿಷಿಯನ್, ವಯಸ್ಸಾದವರು, ಕೈ ಎತ್ತಿದರು. "ಸರ್, ಲಾಭದ್ದು ಅರ್ಥ ಆಯ್ತು. ನಷ್ಟ ಆದ್ರೆ ಎಂತ ಮಾಡುವುದು?"

ಸರ್ ಪೆನ್ನಿನ ಮುಚ್ಚಳ ಹಾಕಿದರು. ಅದು ಅವರಿಗೆ ಸಿಟ್ಟು ಬಂದಾಗಿನ ಗುರುತು. "ನಷ್ಟದ ಮಾತು ಆಡುವವರಿಗೆ ಇಲ್ಲಿ ಚಾ ಇಲ್ಲ" ಅಂದರು. ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕೆ. ಆ ಎಲೆಕ್ಟ್ರಿಷಿಯನ್ ಕೂಡ ನಕ್ಕು ಕೂತುಕೊಂಡರು. ಇವತ್ತು ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಅಂತ ಅನಿಸುತ್ತದೆ.

ಒಮ್ಮೆ ನಾನು ಕೇಳಿದೆ, "ನೀವು ಊರಿಗೆ ಯಾವಾಗ ಸರ್? ನಿಮ್ಮ ಕಾರ್ಖಾನೆ ಯಾವಾಗ?"

"ಎಲ್ಲ ಕಾಯಿಲೆಯೂ ಡಾಕ್ಟರಿಗೆ ಬರಬೇಕೂಂತ ಉಂಟಾ ಹಸನ್?" ಅಂದರು. ಒಳ್ಳೆ ಉತ್ತರ ಅಂತ ಖುಷಿಪಟ್ಟೆ. ಉದ್ಯಮವನ್ನು ಅವರು ಕಾಯಿಲೆಯ ಲೆಕ್ಕಕ್ಕೆ ಸೇರಿಸಿದ್ದು ಆಗ ನನ್ನ ತಲೆಗೆ ಹೋಗಲಿಲ್ಲ.

ನಾನು ಆಗ ಶುವೈಖ್‌ನ ಒಂದು ಬೇಕರಿಯಲ್ಲಿ ಹತ್ತೊಂಬತ್ತು ವರ್ಷದ ಹಳಬ. ಅರಬರ ಆ ದುಂಡಗಿನ ರೊಟ್ಟಿ ಕುಬ್ಬೂಸ್ ಬೇಯುವ ಓವನಿನ ಮುಖ್ಯಸ್ಥ. ನಮ್ಮ ಕರಾವಳಿಯಲ್ಲಿ ಈಗ ಗಲ್ಲಿಗೊಂದು ಗ್ರಿಲ್ ಚಿಕನಿನ ಹೋಟೆಲು, ಚಿಕನಿನ ಜೊತೆ ಕುಬ್ಬೂಸ್ ಬೇಕು, ಅದು ದೂರದಿಂದ ಬರುವುದು. "ಚಿನ್ನದಂಥ ಐಡಿಯಾ! ಉಪ್ಪಿನಂಗಡಿಯಲ್ಲೇ ಮಾಡಿ" ಅಂದರು ಸರ್. ನನ್ನ ಹೆಂಡತಿಗೆ ಮನಸ್ಸಿರಲಿಲ್ಲ. "ಹತ್ತೊಂಬತ್ತು ವರ್ಷ ಕಾದೆ, ಇನ್ನು ಐದು ವರ್ಷ ಕಾಯ್ತೇನೆ, ಮಗಳ ಮದುವೆ ಆಗಲಿ" ಅಂದಳು. ನಾನು ಅವಳಿಗೆ ಫೋನಿನಲ್ಲಿ ಸರ್‌ನ ಪಾಠ ಒಪ್ಪಿಸಿದೆ. ಇಕಾಮಾ, ಅಂದರೆ ಕುವೈತಿನಲ್ಲಿ ಇರುವ ಪರವಾನಗಿ, ಕ್ಯಾನ್ಸಲ್ ಮಾಡಿಸಿದೆ. ಖಲಾಸ್.

ಉದ್ಘಾಟನೆಯ ದಿನ ಸರ್ ವೀಡಿಯೋ ಕಾಲಿನಲ್ಲಿ ಬಂದರು. "ಮಿಶನ್ ತೋರಿಸಿ, ಮಿಶನ್ ತೋರಿಸಿ" ಅಂತ ಮಗುವಿನ ಹಾಗೆ ಆಡಿದರು. ಹೂವಿನ ಹಾರ ಹಾಕಿದ ಓವನು, ಪಕ್ಕದಲ್ಲಿ ನಾನು, ನನ್ನ ಐದು ಕೆಲಸಗಾರರು. ಫೋಟೋ ಕಳಿಸಿಕೊಟ್ಟೆ. ಅವರ ಕಣ್ಣು ಒದ್ದೆಯಾದದ್ದು ನಾನು ಸ್ಕ್ರೀನಿನಲ್ಲಿ ನೋಡಿದ್ದೇನೆ. ಅದು ನಾಟಕ ಅಲ್ಲ.

ಹದಿನಾಲ್ಕು ತಿಂಗಳಿಗೆ ಬಾಗಿಲು ಹಾಕಿದೆ. ಯಾಕೆ ಅಂತ ನನಗೆ ಸ್ಪಷ್ಟವಾಗಿ ಗೊತ್ತುಂಟು. ನಾನು ತಂದದ್ದು ಕುವೈತಿನ ಅಳತೆಯ ಓವನು. ಕೈ ಪಳಗಿದ್ದದ್ದು ಅದರಲ್ಲೇ ಅಲ್ವಾ. ಒಮ್ಮೆ ಕಾದರೆ ಅದು ಒಂದು ಗಂಟೆಯಲ್ಲಿ ಬೇಯಿಸಿ ಎಸೆಯುವಷ್ಟು ರೊಟ್ಟಿಯನ್ನು ನಮ್ಮ ಪೇಟೆ ಮೂರು ದಿನ ತಿನ್ನುತ್ತದೆ. ಕುಬ್ಬೂಸ್ ಮೂರು ದಿನ ಬಾಳುವುದಿಲ್ಲ. ಇನ್ನೊಂದು, ಶುವೈಖ್‌ನ ನಮ್ಮ ಬೇಕರಿಯ ವ್ಯಾನು ಬೆಳಿಗ್ಗೆ ಹೊಸ ಪ್ಯಾಕೆಟ್ ಕೊಟ್ಟು ನಿನ್ನೆ ಉಳಿದದ್ದನ್ನು ವಾಪಸು ತರುತ್ತಿತ್ತು. ಕುವೈತಿನಲ್ಲಿ ಸರಕಾರದ ಅಗ್ಗದ ಹಿಟ್ಟು, ನಡೆಯುತ್ತದೆ. ನಾನು ಊರಿನಲ್ಲೂ ಅದೇ ದೊಡ್ಡಸ್ತಿಕೆ ತೋರಿಸಿದೆ. "ಉಳಿದರೆ ವಾಪಸು ಕೊಡಿ, ಹೆದರಬೇಡಿ" ಅಂದೆ. ಹೋಟೆಲಿನವರು ಯಾಕೆ ಹೆದರುತ್ತಾರೆ? ಐವತ್ತು ಪ್ಯಾಕೆಟ್ ಇಳಿಸಿಕೊಂಡು ಹದಿನೈದು ಮಾರಿ ಮೂವತ್ತೈದು ವಾಪಸು ಕೊಟ್ಟರು. ಕೊನೆಕೊನೆಗೆ ನೆರೆಯ ದನಗಳೂ ನನ್ನ ಕುಬ್ಬೂಸ್ ನೋಡಿ ಮುಖ ತಿರುಗಿಸುತ್ತಿದ್ದವು. ಬೇಕರಿಯಲ್ಲಿ ಓವನು ನೋಡಿಕೊಳ್ಳುವವನಿಗೆ ಓವನು ಮಾತ್ರ ಗೊತ್ತಿರುತ್ತದೆ. ಪೇಟೆಯ ಹಸಿವು ಅಳೆಯುವುದು ಹೇಗೆ ಅಂತ ಕ್ಲಾಸಿನಲ್ಲಿ ಒಂದು ಶುಕ್ರವಾರ ಯಾರಾದರೂ ಹೇಳಬೇಕಿತ್ತು.

ಮಿಶನು ಗುಜರಿ ದರಕ್ಕೆ ಹೋಯಿತು. ಮಗಳ ಮದುವೆಯ ಮಾತು ಮನೆಯಲ್ಲಿ ನಿಂತುಹೋಯಿತು. ನಾನು ಸರ್‌ಗೆ ಫೋನ್ ಮಾಡಿ "ಮುಚ್ಚಿದೆ ಸರ್" ಅಂದೆ. "ಪಾಸ್‌ಪೋರ್ಟ್ ಕಾಪಿ ಕಳಿಸಿ" ಅಂದರು.

ಇದನ್ನು ಬರೆಯದಿದ್ದರೆ ನಾನು ಮನುಷ್ಯನಲ್ಲ. ಎರಡೇ ತಿಂಗಳಲ್ಲಿ ಅವರಿವರ ಕೈಕಾಲು ಹಿಡಿದು, ತಮ್ಮ ಪರಿಚಯದ ಒಬ್ಬರ ಮೂಲಕ ಅರ್ದಿಯಾದ ಈ ಗೋಡೌನಿಗೆ ವೀಸಾ ಮಾಡಿಸಿದರು. ಏರ್‌ಪೋರ್ಟಿಗೆ ತಾವೇ ಬಂದರು. ಜನವರಿಯ ಚಳಿ. ನನ್ನ ಮೈಯಲ್ಲಿ ತೆಳು ಅಂಗಿ ನೋಡಿ ತಮ್ಮ ಜಾಕೆಟ್ ಬಿಚ್ಚಿ ಕೊಟ್ಟರು. ಕಾರಿನಲ್ಲಿ ಇಡೀ ದಾರಿ ಹೊಸ ಫ್ಲೈಓವರಿನ ಬಗ್ಗೆ ಮಾತಾಡಿದರು, ಮಗಳ ಕಾಲೇಜಿನ ಬಗ್ಗೆ ಮಾತಾಡಿದರು. ಎಂತ ಆಯ್ತು ಹಸನ್, ಎಲ್ಲಿ ತಪ್ಪಿತು ಅಂತ ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ನಾನು ಕಾದೆ. ಕೇಳಲಿಲ್ಲ. ಕೆಲಸಗಾರರ ಕ್ಯಾಂಪಿನ ಬಾಗಿಲಲ್ಲಿ ಇಳಿಸುವಾಗ ಹೇಳಿದ್ದು ಇಷ್ಟೇ. "ವಾಪಸು ಬಂದದ್ದು ಕ್ಲಾಸಿನವರಿಗೆ ಗೊತ್ತಾಗುವುದು ಬೇಡ. ಅವರ ಧೈರ್ಯ ಹೋಗ್ತದೆ."

ನಾನು ಹೂಂ ಅಂದೆ. ಅವರ ಜಾಕೆಟ್ ನನ್ನ ಮೈಮೇಲೆ ಇತ್ತು, ಬೇರೆ ಎಂತ ಹೇಳುವುದು?

ಆರು ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ ಮನೆಗೆ ಊಟಕ್ಕೆ ಕರೆದರು. ಊಟ ಆದ ಮೇಲೆ "ಬನ್ನಿ, ಕೆಳಗೆ ಸ್ವಲ್ಪ ಕೂತು ಹೋಗುವ" ಅಂದರು. ಹೊಸ ಬ್ಯಾಚು. ನನಗೆ ಗುರುತಿನ ಮುಖ ಒಂದೂ ಇಲ್ಲ. ಹಿಂದೆ ಕೂತೆ. ಅರ್ಧ ಗಂಟೆ ಕಳೆದು ಗೋಡೆಯ ಮೇಲೆ ಒಂದು ಸ್ಲೈಡು ಬಂತು. ಹೂವಿನ ಹಾರದ ಓವನು, ಪಕ್ಕದಲ್ಲಿ ಹಲ್ಲು ಕಿರಿದ ನಾನು. ಕೆಳಗೆ ದೊಡ್ಡ ಅಕ್ಷರ: 'ನಮ್ಮ ಯಶಸ್ವಿ ಉದ್ಯಮಿ'.

ಓಡುವ ಅಂದರೆ ಬಾಗಿಲು ಮುಂದಿನ ಕಡೆ.

"ಅದೃಷ್ಟಕ್ಕೆ ಅವರೇ ಇವತ್ತು ಇಲ್ಲಿದ್ದಾರೆ" ಅಂದರು ಸರ್. "ಎರಡನೇ ಮಿಶನ್ ನೋಡಲು ಕುವೈತಿಗೆ ಬಂದಿದ್ದಾರೆ. ಬನ್ನಿ ಹಸನ್, ನಾಲ್ಕು ಮಾತು ಹೇಳಿ."

ಮೂವತ್ತು ಜನ ಕುರ್ಚಿಯಲ್ಲಿ ತಿರುಗಿ ನನ್ನನ್ನು ನೋಡಿದರು. ಅಂಥ ಕಣ್ಣುಗಳನ್ನು ನಾನು ಅದರ ಮೊದಲು ನೋಡಿರಲಿಲ್ಲ. ಎದ್ದು ಹೋಗಿ ನಿಂತೆ. ನಿಜ ಹೇಳುವ ಅಂತ ಬಾಯಿ ತೆರೆದೆ ಅಂತ ಬರೆದರೆ ನನಗೆ ಒಳ್ಳೆ ಹೆಸರು ಬಂದೀತು. ಆದರೆ ಹಾಗಾಗಲಿಲ್ಲ. ಮಾತು ತಾನಾಗಿ ಬಂತು. ಬೆಳಿಗ್ಗೆ ಮೂರಕ್ಕೆ ಏಳುತ್ತೇನೆ ಅಂದೆ. ಹನ್ನೊಂದು ಹೋಟೆಲಿಗೆ ಕೊಡುತ್ತೇನೆ ಅಂದೆ. ನನ್ನ ಕೆಲಸಗಾರರು ನನ್ನನ್ನು ಸೇಠ್ ಅಂತ ಕರೆಯುತ್ತಾರೆ ಅಂತಲೂ ಸೇರಿಸಿದೆ. ಚಪ್ಪಾಳೆ ಬಿತ್ತು. ಥೂ, ನನಗೆ ಅದು ಖುಷಿ ಕೊಟ್ಟಿತು. ಆರು ತಿಂಗಳಿಂದ "ಯಲ್ಲಾ, ಯಲ್ಲಾ" ಅಂತ ಓಡಿಸಿಕೊಳ್ಳುತ್ತಿದ್ದವನಿಗೆ ಐದು ನಿಮಿಷ ಉದ್ಯಮಿ ಆಗುವ ಭಾಗ್ಯ.

ಕಾರಿನಲ್ಲಿ ವಾಪಸು ಬಿಡುವಾಗ ನಾನು ಹೇಳಿದೆ, "ಸರ್, ನಾನು ಸುಳ್ಳು ಹೇಳಿದೆ."

"ಸುಳ್ಳಲ್ಲ ಹಸನ್. ಅದಕ್ಕೆ ಮೋಟಿವೇಶನ್ ಅಂತಾರೆ."

"ಅಷ್ಟು ಒಳ್ಳೆಯದಾದ್ರೆ ನೀವು ಯಾಕೆ ಹೋಗುವುದಿಲ್ಲ ಊರಿಗೆ?" ನನ್ನ ಧ್ವನಿ ಏರಿತ್ತು.

ಸಿಗ್ನಲಿನಲ್ಲಿ ಕಾರು ನಿಂತಿತ್ತು. ಹಣೆಯಲ್ಲಿ ನೀಲಿ ಹಾಗೇ ಇತ್ತು. "ಅಲ್ಲಿ ನನ್ನನ್ನು ಯಾರು ಸರ್ ಅಂತ ಕರೀತಾರೆ?" ಅಂದರು. ಹಸಿರು ಬಂತು, ಹೊರಟೆವು. ನನಗೆ ಅವರ ಬಗ್ಗೆ ಅಯ್ಯೋ ಅನಿಸಿದ್ದು ಆಗ ಮಾತ್ರ.

ಆ ದಿನ ಕ್ಲಾಸಿನಲ್ಲಿದ್ದವರಲ್ಲಿ ಒಬ್ಬರು ಮೂಡಬಿದಿರೆಯ ಸಂಜೀವ. ಫಿಂಟಾಸಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷದಿಂದ ಸಲಾಡ್ ಕೊಯ್ಯುವವರು. ಹೊರಡುವಾಗ ನನ್ನ ಕೈ ಹಿಡಿದು ಬಿಡಲಿಲ್ಲ. ಬೆರಳುಗಳ ತುಂಬ ಕತ್ತಿಯ ಹಳೆ ಗಾಯ. "ಹಸನಾಕ, ನಿಮ್ಮನ್ನು ನೋಡಿ ನನಗೆ ಜೀವ ಬಂತು. ನಿಮ್ಮ ನಂಬರ್ ಕೊಡಿ" ಅಂದರು, ನಮ್ಮವರ ಹಾಗೆ ಅಣ್ಣ ಅನ್ನುವ ಬದಲು 'ಆಕ' ಸೇರಿಸಿ. ಊರಿನ ವಾಟ್ಸಾಪ್ ನಂಬರ್ ಕೊಟ್ಟೆ.

ಅಲ್ಲಿಂದ ಶುರು. ಪ್ರತಿ ವಾರ ಫೋನು. ಮೊದಲು ಇಲ್ಲಿಂದ, ಆಮೇಲೆ ತಾವೂ ಕುಬ್ಬೂಸ್ ಮಾಡುವುದೂಂತ ರಾಜೀನಾಮೆ ಕೊಟ್ಟು ಊರಿಗೆ ಹೋದ ಮೇಲೆ ಅಲ್ಲಿಂದ. ವ್ಯಾಪಾರ ಹೇಗುಂಟು ಹಸನಾಕ? ಅಲ್‌ಹಮ್ದುಲಿಲ್ಲಾ, ನಡೀತಾ ಉಂಟು. ಹಿಟ್ಟು ಎಲ್ಲಿಂದ ತರಿಸ್ತೀರಿ? ಹೋಟೆಲಿನವರನ್ನು ಹೇಗೆ ಹಿಡಿದ್ರಿ? ದಿನಕ್ಕೆ ಎಷ್ಟು ಹೋಗ್ತದೆ? ನಾನು ಎ.ಸಿ. ಪೆಟ್ಟಿಗೆಗಳ ಸಂದಿಯಲ್ಲಿ ನಿಂತು ಇಲ್ಲದ ಕಾರ್ಖಾನೆಯ ಬಗ್ಗೆ ಹೇಳುತ್ತಿದ್ದೆ. ಇವತ್ತು ನಿಜ ಹೇಳಿಬಿಡುತ್ತೇನೆ ಅಂತ ಎಷ್ಟು ಸಲ ಅಂದುಕೊಂಡಿಲ್ಲ! ಹೇಳಿದರೆ ಸರ್‌ನ ಮರ್ಯಾದೆ ಹೋಗುತ್ತದೆ, ನನಗೆ ವೀಸಾ ಕೊಡಿಸಿದವರು. ಹೀಗೆ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಒಮ್ಮೆ "ನಿಮ್ಮ ಯೂನಿಟ್ ನೋಡಲು ಬರ್ತೇನೆ" ಅಂದರು. "ನಾನು ಇಲ್ಲದಾಗ ಬರಬೇಡಿ, ಮಿಶನಿನ ವಿಷಯಕ್ಕೆ ಕುವೈತ್‌ಗೆ ಹೋಗಿ ಬಂದು ಮಾಡ್ತಾ ಇದ್ದೇನೆ" ಅಂತ ತಪ್ಪಿಸಿದೆ.

ಸರ್‌ಗೆ ಹಾರ್ಟ್ ಅಟ್ಯಾಕ್ ಆದದ್ದು ಆಫೀಸಿನಲ್ಲಿ, ಡ್ರಾಯಿಂಗಿನ ಕಪಾಟಿನ ಎದುರು. ಆಸ್ಪತ್ರೆಗೆ ಮುಟ್ಟುವಾಗ ಮುಗಿದಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವರು ಊರಿಗೆ ಖಾಯಂ ಹೋದದ್ದು ಪೆಟ್ಟಿಗೆಯಲ್ಲಿ ಹೋದ ಆ ಒಂದು ಸಲ. ಪುತ್ತೂರಿನ ಮನೆಯಲ್ಲಿ ಕಾರ್ಯ ನಡೆಯಿತು. ಅವರ ಕ್ಲಾಸಿನಿಂದ ಊರಿಗೆ ಹೋದವರಲ್ಲಿ ಯಾರೆಲ್ಲ ಬಂದರೋ ನನಗೆ ಗೊತ್ತಿಲ್ಲ. ಸಂಜೀವ ಹೋಗಿದ್ದರು. ಹೋದವರು ವಾಪಸು ಬರುವಾಗ ಉಪ್ಪಿನಂಗಡಿಗೆ ಹೋದರು.

ಮರುದಿನ ಮಧ್ಯಾಹ್ನ ಊಟದ ಬ್ರೇಕಿನಲ್ಲಿ ಫೋನು ಬಂತು. ಯಾವಾಗಿನಂತೆ 'ವ್ಯಾಪಾರ ಹೇಗುಂಟು' ಅಂತ ಕೇಳಲಿಲ್ಲ.

"ಹಸನಾಕ, ನಿಮ್ಮ ಯೂನಿಟ್ ಇದ್ದಲ್ಲಿಗೆ ಹೋಗಿದ್ದೆ. ಅಲ್ಲಿ ಈಗ ಪಶು ಆಹಾರದ ಗೋಡೌನ್ ಉಂಟು. ಕುಬ್ಬೂಸ್ ಮುಚ್ಚಿ ಎರಡು ವರ್ಷ ಆಯ್ತು ಅಂದ್ರು."

ತಟ್ಟೆಯಲ್ಲಿ ಅನ್ನ ಇತ್ತು. ಅದನ್ನು ಪಕ್ಕಕ್ಕೆ ಇಟ್ಟೆ. ಬೈಗುಳಕ್ಕೆ ಕಾದೆ. ನನ್ನ ಅಪ್ಪ, ಅಜ್ಜ ಎಲ್ಲರನ್ನೂ ಸೇರಿಸಿ ಬೈದರೂ ಕೇಳಿಸಿಕೊಳ್ಳುವ ಅಂತ ಇದ್ದೆ.

"ಒಂದೇ ಮಾತು ಹೇಳಿ. ಯಾಕೆ ಮುಚ್ಚಿತು?"

ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನಲ್ಲಿ ಇದನ್ನು ಕೇಳಿದ್ದು. ಹೆಂಡತಿ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ನಾನು ಎಲ್ಲ ಹೇಳಿದೆ. ಓವನಿನ ಅಳತೆ ಹೇಳಿದೆ, ವಾಪಸು ಪ್ಯಾಕೆಟಿನ ಕತೆ ಹೇಳಿದೆ, ಚಿಕ್ಕ ತವಾ ಮಿಶನಿನಲ್ಲಿ ಶುರು ಮಾಡಿದ್ದರೆ ಬದುಕುತ್ತಿದ್ದೆ ಅಂತಲೂ ಹೇಳಿದೆ.

"ನಿಮ್ಮ ಓವನ್ ಯಾವ ಸೈಜ್?" ಅಂತ ಕೊನೆಗೆ ನಾನೇ ಕೇಳಿದೆ.

"ನಿಮ್ಮದೇ. ಆ ಫೋಟೋ ತೋರಿಸಿ ಇಂಥದ್ದೇ ಬೇಕು ಅಂತ ಮಾಡಿಸಿದ್ದು. ಬಂದು ಫಿಟ್ ಆಗಿ ಎಂಟು ದಿನ ಆಯ್ತು. ಹೋಟೆಲಿನವರಿಗೆ ವಾಪಸು ಕೊಡಬಹುದು ಅಂತಲೂ ಹೇಳಿ ಆಯ್ತು."

ಆ ಹೊತ್ತಿಗೂ ನನ್ನ ಬಾಯಿಗೆ ಬಂದದ್ದು ಸತ್ತವರ ದೂರು. "ಎಂತ ಮಾಡುವುದು ಸಂಜೀವಣ್ಣ. ಸರ್ ಒಂದು ದಿನ ಕೂಡ ನನ್ನಲ್ಲಿ ಕೇಳಲಿಲ್ಲ, ಯಾಕೆ ಮುಚ್ಚಿತು ಅಂತ. ಕೇಳಿದ್ರೆ ಕ್ಲಾಸಿನಲ್ಲಿ ಹೇಳ್ತಿದ್ದೆ."

"ಸರ್ ಕೇಳಲಿಲ್ಲ, ಸರಿ" ಅಂದರು ಸಂಜೀವ. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. "ನಾನು ಕೇಳಿದ್ದೆನಲ್ಲ ಹಸನಾಕ. ಪ್ರತಿ ವಾರ ಕೇಳ್ತಾ ಇದ್ದೆ."